ಕತ್ತಲೊಡೆಯ ಹುಟ್ಟಿನಿಂದಲೇ ದುಷ್ಟನೇ?

ಪ್ರಶ್ನೆ: ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ದಪ್ಪ ದಪ್ಪ ಫ್ಯಾಂಟಸಿ ಕಾದಂಬರಿಗಳನ್ನು ಓದುತ್ತಾಳೆ. ಅವುಗಳಲ್ಲಿ ಬರುವ ‘ಡಾರ್ಕ್ ಲಾರ್ಡ್’ ಎಲ್ಲಿಂದ ಬಂದ, ದೇವರು ಒಳ್ಳೆಯವನಾದರೆ ಇವನನ್ನು ಹುಟ್ಟಿಸಿದವರು ಯಾರು ಎಂದು ಕೇಳಿದಳು. ನಮ್ಮ ರಾವಣನಿದ್ದ ಹಾಗೆ ಎಂದು ಹೇಳಿಬಿಟ್ಟೆ. ಸರಿಯೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮಗಳ ಪ್ರಶ್ನೆ ಸರಿಯಾಗಿದೆ, ನೀವು ಕೊಟ್ಟ ಉತ್ತರ ಅಷ್ಟು ಸರಿಯಿಲ್ಲ. ಇಂಥ ಪ್ರಶ್ನೆ ಬಂದಾಗ ಕತ್ತಲೊಡೆಯನ ಜಾತಕವನ್ನು ಬದಿಗಿಟ್ಟು ಮೊದಲು ಅವನ ಸೈನ್ಯವನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ಆ ಸೈನಿಕರನ್ನು ಅವನೇ ಸೃಷ್ಟಿಸಿದನೇ, ಇನ್ನೊಬ್ಬರು ಸೃಷ್ಟಿಸಿದ್ದನ್ನು ಕೆಡಿಸಿ ತನ್ನದಾಗಿಸಿಕೊಂಡನೇ, ಇಲ್ಲವೇ ಅವರು ಅವನ ನೆಂಟರೇ ಎಂಬುದು ಗೊತ್ತಾದರೆ, ಕೆಡುಕು ಎಲ್ಲಿಂದ ಬಂತೆಂದು ಆ ಕಥೆ ನಂಬಿದೆ ಎಂಬುದೂ ಗೊತ್ತಾಗುತ್ತದೆ.

ತಾನೇ ಸೃಷ್ಟಿಸಬಲ್ಲ ಕೆಡುಕಿನ ಒಡೆಯನನ್ನು ಹುಡುಕಿಕೊಂಡು ಮುಂಬಯಿಯವರು ದೂರ ಹೋಗಬೇಕಾಗಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ಕಾರ್ಯಕ್ರಮ ಮುಗಿಸಿ ಕಾಲಾಡಿಸಲು ಹೊರಟರೆ ದಾದರಿನ ಪಾರ್ಸಿ ಕಾಲೊನಿ ಸಿಗುತ್ತದೆ. ಅಲ್ಲಿನವರ ಪರಂಪರೆಯಲ್ಲಿ ಅವನ ಹೆಸರು ಅಹ್ರಿಮನ್. ‘ಬುಂದಹಿಶ್ನ್’ ಎಂಬ, ಪಹ್ಲವಿ ಎಂಬ ಹಳೆಯ ಪಾರಸಿ ಭಾಷೆಯ ಗ್ರಂಥದ ಪ್ರಕಾರ ಆದಿಯಲ್ಲಿ ಮೇಲೆ ಬೆಳಕಿನಲ್ಲಿ ಒಳಿತಿನ ದೇವರಾದ ಓರ್ಮಜ್ದನೂ ಕೆಳಗೆ ಕತ್ತಲಲ್ಲಿ ಅಹ್ರಿಮನನೂ ಇದ್ದರು, ನಡುವೆ ಬಯಲು. ಅಹ್ರಿಮನನನ್ನು ಯಾರೂ ಹುಟ್ಟಿಸಲಿಲ್ಲ. ಅವನು ತನ್ನದೇ ಭೂತಗಳನ್ನೂ, ಹಾವು, ಚೇಳು, ಕಪ್ಪೆ, ಇರುವೆಗಳಂಥ ಜೀವಿಗಳನ್ನೂ ಸೃಷ್ಟಿಸಿದ. ಆಕಾಶವನ್ನು ಭೇದಿಸಿ ಒಳನುಗ್ಗಿ ನೀರನ್ನು ಕೆಡಿಸಿದ, ಬೆಂಕಿಗೆ ಹೊಗೆಯನ್ನು ಬೆರೆಸಿದ. ಅವನಿಗಿದ್ದ ದೊಡ್ಡ ಕೊರತೆಯೆಂದರೆ ಮುಂದಾಲೋಚನೆಯದು: ಏನು ನಡೆಯಿತೆಂಬುದು ಅವನಿಗೆ ನಡೆದ ಮೇಲಷ್ಟೇ ತಿಳಿಯುತ್ತದೆ.

ಆದರೆ ಇದಕ್ಕಿಂತ ಎಷ್ಟೋ ಹಳೆಯದಾದ, ಪ್ರವಾದಿ ಜರತುಷ್ಟ್ರನ ಹಾಡುಗಳೆನ್ನಲಾಗುವ ಗಾಥೆಗಳಲ್ಲಿ ಮಾತು ಬೇರೆಯಾಗಿದೆ. ಅಲ್ಲಿ ಇಬ್ಬರು ಅವಳಿ ಚೇತನರು ಬರುತ್ತಾರೆ. ಒಬ್ಬ ಒಳಿತನ್ನು ಆರಿಸಿಕೊಂಡ, ಇನ್ನೊಬ್ಬ ಕೆಡುಕನ್ನು. ಆರಿಸಿಕೊಂಡದ್ದು ನಿಜವಾದರೆ ಕೆಡುಕು ಹುಟ್ಟುಗುಣವಲ್ಲ. ಈ ಭೇದದ ಮೇಲೆ ನಮ್ಮ ಊರಿನಲ್ಲಿಯೇ ದೊಡ್ಡ ಚರ್ಚೆ ನಡೆದಿದೆ. 1843ರಲ್ಲಿ ಮುಂಬಯಿಯ ಮಿಶನರಿ ಜಾನ್ ವಿಲ್ಸನ್ ತಮ್ಮ ಗ್ರಂಥದಲ್ಲಿ ಒಳಿತು, ಕೆಡುಕು ಎರಡೂ ಆದಿಯಿಂದಲೇ ಇವೆಯೆಂಬ ಪಾರ್ಸಿ ಧರ್ಮದ ಈ ದ್ವೈತವನ್ನು ಕಟುವಾಗಿ ಖಂಡಿಸಿದರು. 1859ರಲ್ಲಿ ಸಂಸ್ಕೃತ ಕಲಿಸಲು ಪುಣೆಗೆ ಬಂದ ಜರ್ಮನ್ ವಿದ್ವಾಂಸ ಮಾರ್ಟಿನ್ ಹೌಗ್, ಗಾಥೆಗಳನ್ನು ಉಳಿದ ಗ್ರಂಥಗಳಿಂದ ಬೇರ್ಪಡಿಸಿ ಓದಿ, ಅಹುರ ಮಜ್ದ (ಓರ್ಮಜ್ದನ ಹಳೆಯ ಹೆಸರು) ಒಬ್ಬನೇ ಪರಮದೇವನೆಂದೂ ಅವಳಿ ಚೇತನರಿಬ್ಬರೂ ಅವನ ಕೆಳಗಿನವರೆಂದೂ ವಾದಿಸಿದರು. ಅವರ ಪ್ರಬಂಧಗಳು 1862ರಲ್ಲಿ ಮುಂಬಯಿಯಲ್ಲಿ ಅಚ್ಚಾದವು. ಆ ಅರ್ಥವನ್ನು ಇಲ್ಲಿನ ಅನೇಕ ಪಾರ್ಸಿಗಳು ಸಂತೋಷದಿಂದ ಒಪ್ಪಿಕೊಂಡರು. ಕತ್ತಲೊಡೆಯನ ಮೂಲದ ಪ್ರಶ್ನೆ ಕಾದಂಬರಿ ಓದುವ ಮಕ್ಕಳದ್ದು ಮಾತ್ರ ಎಂದುಕೊಂಡವರು ಇದನ್ನು ಗಮನಿಸಬೇಕು.

ಇರಾನಿನ ಈ ದ್ವೈತವು ಮೂರನೆಯ ಶತಮಾನದ ಮಾನಿ ಎಂಬಾತನ ಮತದ ಮೂಲಕ ಪಶ್ಚಿಮಕ್ಕೂ ಹೋಯಿತು. ಕ್ರೈಸ್ತ ಚಿಂತಕ ಅಗಸ್ಟೀನ್ (354–430) ಸುಮಾರು ಒಂಬತ್ತು ವರ್ಷ ಆ ಮತದಲ್ಲಿದ್ದು, ಅದನ್ನು ಬಿಟ್ಟು, ಕೆಡುಕೆಂಬುದು ಸ್ವತಂತ್ರ ವಸ್ತುವೇ ಅಲ್ಲ, ಒಳಿತಿನ ಕೊರತೆ ಮಾತ್ರ ಎಂದು ಸಾಧಿಸಿದ. ಮನೆಯ ಮಾತಿನಲ್ಲಿ ಹೇಳುವುದಾದರೆ, ಒಡೆದ ಹಾಲನ್ನು ಕೊಡುವುದಕ್ಕೆಂದು ಬೇರೊಂದು ಹಸು ಇರುವುದಿಲ್ಲ.

‘ಲಾರ್ಡ್ ಆಫ್ ದ ರಿಂಗ್ಸ್’ ಬರೆದು ಆಧುನಿಕ ಫ್ಯಾಂಟಸಿಯ ಕತ್ತಲೊಡೆಯನಿಗೆ ಅಚ್ಚು ಹಾಕಿಕೊಟ್ಟ ಇಂಗ್ಲಿಷ್ ಲೇಖಕ ಟೋಲ್ಕಿನ್ (1892–1973) ನಿಷ್ಠಾವಂತ ಕ್ಯಾಥೊಲಿಕ್ ಆಗಿದ್ದುದರಿಂದ, ಅವರು ನಿಂತದ್ದು ಈ ಹಸುವಿನ ಪಕ್ಷದಲ್ಲಿ. ಅವರ ಮರಣಾನಂತರ 1977ರಲ್ಲಿ ಪ್ರಕಟವಾದ ‘ಸಿಲ್ಮರಿಲಿಯನ್’ನಲ್ಲಿ ಜಗತ್ತು ಸಂಗೀತದಿಂದ ಆರಂಭವಾಗುತ್ತದೆ. ಅದನ್ನು ಹಾಡುವ ದಿವ್ಯಚೇತನರಲ್ಲಿ ಎಲ್ಲರಿಗಿಂತ ಹೆಚ್ಚು ಶಕ್ತಿ ಪಡೆದ ಮೆಲ್ಕೋರ್ ತನ್ನದೇ ರಾಗವನ್ನು ಅದರೊಳಗೆ ತುರುಕುತ್ತಾನೆ. ಅದಕ್ಕೂ ಮೊದಲು ಅವನು ಸೃಷ್ಟಿಯ ಜ್ವಾಲೆಯನ್ನು ಹುಡುಕುತ್ತ ಶೂನ್ಯದಲ್ಲಿ ಒಬ್ಬಂಟಿಯಾಗಿ ಅಲೆದಿರುತ್ತಾನೆ. ಅದು ಸಿಗುವುದಿಲ್ಲ, ಏಕೆಂದರೆ ಅದಿರುವುದು ದೇವರ ಬಳಿ. ಮೆಲ್ಕೋರನ ಅನುಚರನಾಗಿದ್ದು ಮುಂದೆ ತಾನೇ ಒಡೆಯನಾಗುವ ಸೌರಾನ್ ಕೂಡ ಮೊದಲು ದೇವಶಿಲ್ಪಿಯೊಬ್ಬನ ಪರಿವಾರದವನು; ಅಚ್ಚುಕಟ್ಟನ್ನು ಮೆಚ್ಚುವವನು, ಗೊಂದಲ ಸಹಿಸದವನು. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ಸ್ವಭಾವದ ಪರಿಚಯ ಇದ್ದೇ ಇರುತ್ತದೆ.

ಸೈನ್ಯದ ವಿಷಯಕ್ಕೆ ಬಂದಾಗ ಟೋಲ್ಕಿನ್ ಸಿಕ್ಕಿಬಿದ್ದರು. ಕತ್ತಲೊಡೆಯ ಏನನ್ನೂ ಹೊಸದಾಗಿ ಸೃಷ್ಟಿಸಲಾರನೆಂದಾದರೆ ಅವನ ಸೈನ್ಯದ ವಿಕಾರ ಜೀವಿಗಳಾದ ಓರ್ಕ್‌ಗಳು ಎಲ್ಲಿಂದ ಬಂದವು? ದೇವರೇ ಸೃಷ್ಟಿಸಿದ ಅಮರ ಕುಲದಿಂದ ಸೆರೆಹಿಡಿದ ಎಲ್ಫ್‌ಗಳನ್ನು ಹಿಂಸಿಸಿ ವಿಕಾರಗೊಳಿಸಿದ್ದೆಂದು ಒಂದು ಕಡೆ ಬರೆದರು. ಹಾಗಾದರೆ ಅವುಗಳಿಗೂ ಆತ್ಮವಿರಬೇಕು, ಆತ್ಮವಿದ್ದರೆ ಉದ್ಧಾರದ ಸಾಧ್ಯತೆಯೂ ಇರಬೇಕು. ಅಂಥವರನ್ನು ಕಥೆಯ ವೀರರು ಲೆಕ್ಕ ಹಾಕಿ ಕೊಲ್ಲುವುದನ್ನು ಹೇಗೆ ಒಪ್ಪುವುದು? ಕೊನೆಗಾಲದ ಟಿಪ್ಪಣಿಗಳಲ್ಲಿ ಮನುಷ್ಯರಿಂದ ಬಂದವೇ, ಬರೀ ಪ್ರಾಣಿಗಳೇ ಎಂದೆಲ್ಲ ಯೋಚಿಸಿದರು, ಗಂಟು ಬಿಡಿಸಲಾಗಲಿಲ್ಲ. ಅನುಕೂಲಕ್ಕಾಗಿ ಒಂದು ಸುಳ್ಳು ಹೊಂದಿಸದೆ ಹಾಗೆಯೇ ಬಿಟ್ಟದ್ದಕ್ಕೆ ನನಗೆ ಅವರ ಮೇಲೆ ಗೌರವ ಹೆಚ್ಚು. ಅವರ ನಂತರ ಬಂದ ಎಷ್ಟೋ ಕಾದಂಬರಿಗಳು ಈ ಸೈನ್ಯವನ್ನು ಮಾತ್ರ ಎರವಲು ಪಡೆದು, ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟುಬಂದಿವೆ. ಇದಕ್ಕೆ ಅಪವಾದವಾಗಿ ಉರ್ಸುಲಾ ಲೆಗ್ವಿನ್ 1968ರಲ್ಲಿ ಬರೆದ ಮೊದಲ ಅರ್ಥ್‌ಸೀ ಕಾದಂಬರಿಯಲ್ಲಿ ಸೈನ್ಯವೂ ಇಲ್ಲ, ಒಡೆಯನೂ ಇಲ್ಲ. ನಾಯಕನನ್ನು ಅಟ್ಟಿಸಿಕೊಂಡು ಬರುವ ನೆರಳಿಗೆ ನಾಯಕನದೇ ಹೆಸರು.

ಇನ್ನು ರಾವಣ. ಅವನು ಪುಲಸ್ತ್ಯನ ಮೊಮ್ಮಗ, ಕುಬೇರನ ತಮ್ಮ. ದೇವತೆಗಳೂ ದೈತ್ಯರೂ ಒಬ್ಬನೇ ಕಶ್ಯಪನ ಮಕ್ಕಳು, ತಾಯಂದಿರು ಮಾತ್ರ ಬೇರೆ. ಆದ್ದರಿಂದ ನಮ್ಮಲ್ಲಿ ಆ ಸೈನ್ಯ ಎಲ್ಲಿಂದ ಬಂತೆಂಬ ಪ್ರಶ್ನೆಯೇ ಏಳುವುದಿಲ್ಲ. ಅದು ದಾಯಾದಿಗಳ ಸೈನ್ಯ, ಬೇಕಾದರೆ ವಿಭೀಷಣ ಎದ್ದು ಆಚೆ ದಡಕ್ಕೆ ನಡೆದುಬಿಡಬಹುದು. ನಮ್ಮ ಹಳಗನ್ನಡ ಕವಿ ನಾಗಚಂದ್ರನಂತೂ ರಾವಣನ ತಪ್ಪನ್ನು ಹೇಳುವಾಗ, ಕಾಲವಶದಿಂದ ಸಮುದ್ರವೂ ಒಮ್ಮೆ ಎಲ್ಲೆ ಮೀರುವುದಿಲ್ಲವೇ ಎಂದು ಮರುಗುತ್ತಾನೆ.

ಕತ್ತಲೊಡೆಯನಿಗೆ ಹತ್ತಿರದವನು ಬೇಕೇ ಬೇಕೆಂದರೆ ಮಧ್ವಾಚಾರ್ಯರ ಸಿದ್ಧಾಂತದ ಕಲಿಯನ್ನು ತೋರಿಸಬಹುದು. ಸ್ವಭಾವದಿಂದಲೇ ತಮಸ್ಸಿಗೆ, ಎಂದರೆ ಶಾಶ್ವತ ನರಕಕ್ಕೆ, ಹೋಗತಕ್ಕ ಜೀವರಿದ್ದಾರೆ, ಅವರ ಆ ಸ್ವಭಾವ ಅನಾದಿ, ಅವರಲ್ಲಿ ಎಲ್ಲರಿಗಿಂತ ಕೆಳಗಿನವನು ಕಲಿ, ದುರ್ಯೋಧನ ಅವನ ಅಂಶ ಎಂದು ಆಚಾರ್ಯರು ಹೇಳುತ್ತಾರೆ. ಆದರೂ ಅವನು ಅಹ್ರಿಮನನಂತೆ ಸ್ವತಂತ್ರನಲ್ಲ. ಹರಿಯ ಅಧೀನದಲ್ಲಿಯೇ ಇರುವವನು.

ಮಗಳಿಗೆ ವ್ಯತ್ಯಾಸವನ್ನು ಕಣ್ಣಾರೆ ತೋರಿಸಬೇಕೆಂದರೆ, ಮುಂದಿನ ಬಾರಿ ಊರಿನ ಯಕ್ಷಗಾನ ಮೇಳ ಮುಂಬಯಿಗೆ ಬಂದಾಗ ಬೇಗ ಹೋಗಿ, ವೇಷ ಕಟ್ಟುವ ಚೌಕಿಯಲ್ಲಿ ಕುಳಿತುಕೊಳ್ಳಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಬಣ್ಣದ ವೇಷದ, ಎಂದರೆ ರಾಕ್ಷಸ ಪಾತ್ರದ, ಮುಖದ ಮೇಲೆ ಚುಟ್ಟಿಯನ್ನು ಚುಕ್ಕೆ ಚುಕ್ಕೆಯಾಗಿ ಇಡುತ್ತ ಗಂಟೆಗಳೇ ಕಳೆಯುತ್ತವೆ. ಆಮೇಲೆ ಆ ರಾಕ್ಷಸ ಅರ್ಧ ತೆರೆಯ ಹಿಂದಿನಿಂದ ಕುಣಿಯುತ್ತ ಬಂದು, ತಾನು ಯಾರ ಮಗ, ಯಾರ ಮೇಲೆ ಏಕೆ ಸಿಟ್ಟು ಎಂಬುದನ್ನು ಸಭೆಯ ಮುಂದೆ ವಿವರವಾಗಿ ಹೇಳಿಕೊಳ್ಳುತ್ತಾನೆ. ಈ ಪ್ರವೇಶವೇ ಒಡ್ಡೋಲಗ. ಸೌರಾನ್ ‘ಲಾರ್ಡ್ ಆಫ್ ದ ರಿಂಗ್ಸ್’ನ ಮೂರು ಸಂಪುಟಗಳ ಕಥೆಯುದ್ದಕ್ಕೂ ಒಮ್ಮೆಯೂ ನೇರವಾಗಿ ನಮ್ಮೆದುರಿಗೆ ಬಂದು ನಿಲ್ಲುವುದಿಲ್ಲ. ಅವನಿಗೆ ಒಡ್ಡೋಲಗವಿಲ್ಲ.