ಆ 'ಕೆ' ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು?

ಒಂಬತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ನ್ಯೂಟನ್‌ನ ಎರಡನೇ ನಿಯಮದ ಪುಟ ತೆಗೆದು ನೋಡಿ. ಬಲ = ಕೆ × ರಾಶಿ (ಮಾಸ್) × ವೇಗೋತ್ಕರ್ಷ ಅಂತ ಬರೆದು, ನಡುವೆ 'ಕೆ' ಅನ್ನೋ ಒಂದು ಸ್ಥಿರಾಂಕವನ್ನು ತಂದು ಕೂರಿಸುತ್ತಾರೆ. ಆಮೇಲೆ ಅದರ ಬೆಲೆ 1 ಆಗುವ ಹಾಗೆ ಅಳತೆಯ ಮಾನ (ಯೂನಿಟ್) ಆರಿಸಿಕೊಂಡಿದೆ ಅಂತ ಒಂದು ಸಾಲು ಬರೆದು ಕಳಿಸಿಬಿಡುತ್ತಾರೆ. ಬೆಂಗಳೂರಿನ ಟ್ಯೂಷನ್ ಕ್ಲಾಸಿನಲ್ಲಿ "ಸರ್, ಯಾಕೆ 1?" ಅಂತ ಕೇಳಿದರೆ "ಬರ್ಕೊಳಪ್ಪ, ಮಾರ್ಕ್ಸ್ ಇದೆ" ಅನ್ನೋ ಉತ್ತರವೇ ಜಾಸ್ತಿ. ಮುಂದಿನ ಪಾಠದಲ್ಲಿ ಚಿಕ್ಕ ಜಿ (ಕೆಳಗೆ ಬೀಳುವ ವಸ್ತುವಿನ ವೇಗೋತ್ಕರ್ಷ, ಸುಮಾರು 9.8), ದೊಡ್ಡ ಜಿ (ಎರಡು ವಸ್ತುಗಳ ನಡುವಿನ ಗುರುತ್ವದ ಸೆಳೆತದ ಲೆಕ್ಕದಲ್ಲಿ ಬರುವ ಸ್ಥಿರಾಂಕ) ಬರುತ್ತವೆ. ಅಲ್ಲಿಗೆ ಮೂರು ಸ್ಥಿರಾಂಕ ಆಯಿತು, ಮೂರೂ ಒಂದೇ ಥರ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಖಂಡಿತ ಅಲ್ಲ.

ಮೊದಲು ವೇಗೋತ್ಕರ್ಷದ ಮಾತು ಮುಗಿಸೋಣ. ನಮ್ಮ ಮೆಟ್ರೊ ಸ್ಟೇಷನ್ನಿಂದ ಹೊರಟು 10 ಸೆಕೆಂಡಿನಲ್ಲಿ ಗಂಟೆಗೆ 36 ಕಿ.ಮೀ. ವೇಗ ಮುಟ್ಟಿತು ಅಂತಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 10 ಮೀಟರ್. ಪ್ರತಿ ಸೆಕೆಂಡಿಗೂ ವೇಗ 1 ಮೀಟರ್‌ನಷ್ಟು ಏರಿತು, ಅದೇ ವೇಗೋತ್ಕರ್ಷ. ಒಳಗೆ ನಿಂತ 60 ಕೆಜಿ ಮನುಷ್ಯನನ್ನು ಜೊತೆಗೆ ಕರೆದೊಯ್ಯಲು 60 ನ್ಯೂಟನ್ ಬಲ ಬೇಕು, ಕಂಬ ಹಿಡಿಯೋದು ಅದಕ್ಕೇ. ಒಂದೇ ವೇಗದಲ್ಲಿ ನೇರ ಓಡುವಾಗ ಆ ಬಲ ಬೇಡ, ಕೈ ಬಿಟ್ಟು ಮೊಬೈಲ್ ನೋಡಬಹುದು.

ಈಗ ಇತಿಹಾಸ. ಗೆಲಿಲಿಯೊ ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ, ಪಾತ್ರೆಯಿಂದ ಸೋರಿದ ನೀರನ್ನು ತೂಗಿ ಸಮಯ ಅಳೆದ. ದೂರವು ಸಮಯದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ ಅಂತ 1638ರ ಪುಸ್ತಕದಲ್ಲಿ ಬರೆದ. 9.8 ಅನ್ನೋ ಥರದ ಸಂಖ್ಯೆ ಅದರಲ್ಲಿ ಇಲ್ಲ, ಅವನಿಗೆ ಬೇಕಾಗಿಯೂ ಇರಲಿಲ್ಲ. ಆ ಕಾಲದವರು ಎಲ್ಲವನ್ನೂ ಅನುಪಾತದಲ್ಲೇ ಹೇಳುತ್ತಿದ್ದರು. ಇದು ಅದರ ಎರಡರಷ್ಟಾದರೆ ಅದು ಇದರ ನಾಲ್ಕರಷ್ಟು, ಅಷ್ಟೇ. ಹಾಗೆ ಬರೆದರೆ ಸ್ಥಿರಾಂಕಕ್ಕೆ ಜಾಗವೇ ಇಲ್ಲ.

1687ರಲ್ಲಿ ನ್ಯೂಟನ್ ಮಾಡಿದ್ದೂ ಅದನ್ನೇ. ಚಲನೆಯ ಬದಲಾವಣೆ ಹಾಕಿದ ಬಲಕ್ಕೆ ಅನುಪಾತದಲ್ಲಿ ಇರುತ್ತದೆ ಅಂತ ಮಾತಿನಲ್ಲಿ ಹೇಳಿದ. ನಾವು ಬಾಯಿಪಾಠ ಮಾಡಿದ ಸೂತ್ರ ಅಲ್ಲಿ ಆ ರೂಪದಲ್ಲಿ ಇಲ್ಲ, 'ಕೆ' ಅಂತೂ ಇಲ್ಲವೇ ಇಲ್ಲ. ಸಮೀಕರಣವಾಗಿ ಬರೆದವನು ಗಣಿತಜ್ಞ ಆಯ್ಲರ್, 1750ರಲ್ಲಿ, ಬರ್ಲಿನ್‌ನಲ್ಲಿ. ತಮಾಷೆ ಏನಂದ್ರೆ ಅವನ ಸಮೀಕರಣದಲ್ಲಿ ಹೆಚ್ಚುವರಿಯಾಗಿ ಒಂದು 2 ಇದೆ! ತಪ್ಪಲ್ಲ, ಅವನ ಅಳತೆಯ ಪದ್ಧತಿಗೆ ಆ 2 ಬೇಕಿತ್ತು.

'ಕೆ'ಯ ಗುಟ್ಟು ಇಷ್ಟೇ. ರಾಶಿಗೆ ಒಂದು ಮಾನ, ವೇಗೋತ್ಕರ್ಷಕ್ಕೆ ಒಂದು ಮಾನ, ಬಲಕ್ಕೆ ಇನ್ನೊಂದು ಮಾನ ಅಂತ ಬೇರೆ ಬೇರೆಯಾಗಿ ಇಟ್ಟುಕೊಂಡರೆ ಅವನ್ನು ಹೊಂದಿಸೋಕೆ ನಡುವೆ ಒಂದು ಸಂಖ್ಯೆ ಬೇಕೇ ಬೇಕು. ಪೀಣ್ಯದ ವರ್ಕ್‌ಶಾಪಿನಲ್ಲಿ ಇವತ್ತಿಗೂ "ಪ್ರೆಷರ್ 6 ಕೆಜಿ ಇದೆ" ಅಂತಾರೆ. ಒಂದು ಚದರ ಸೆಂಟಿಮೀಟರಿನ ಮೇಲೆ 6 ಕೆಜಿ ಭಾರದಷ್ಟು ಬಲ ಅಂತ ಅರ್ಥ. ಬಲವನ್ನು ಹೀಗೆ ಕೆಜಿ ಭಾರದಲ್ಲಿ ಅಳೆದರೆ 'ಕೆ' 1 ಆಗಲ್ಲ, ಸುಮಾರು 0.102 ಆಗುತ್ತದೆ. 1 ಕೆಜಿಗೆ 1ರ ವೇಗೋತ್ಕರ್ಷ ಕೊಡುವ ಬಲವೇ ಒಂದು ಮಾನ ಅಂದುಬಿಟ್ಟರೆ ಆ ಸಂಖ್ಯೆ 1 ಆಗಿ ಕಣ್ಣಿಗೇ ಕಾಣಲ್ಲ. ಆ ಮಾನಕ್ಕೆ 'ನ್ಯೂಟನ್' ಅಂತ ಅಂತರರಾಷ್ಟ್ರೀಯವಾಗಿ ಹೆಸರು ಒಪ್ಪಿಕೊಂಡಿದ್ದು 1948ರಲ್ಲಿ. ನ್ಯೂಟನ್ ಸತ್ತು ಇನ್ನೂರು ವರ್ಷ ದಾಟಿತ್ತು.

ಚಿಕ್ಕ ಜಿ ಹಾಗಲ್ಲ, ಅದು ಊರಿಂದ ಊರಿಗೆ ಬದಲಾಗುತ್ತದೆ. ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಝಾನ್ ರಿಶೆ 1672ರಲ್ಲಿ ಪ್ಯಾರಿಸ್‌ನಿಂದ ಲೋಲಕದ ಗಡಿಯಾರ ತೆಗೆದುಕೊಂಡು ಸಮಭಾಜಕದ ಹತ್ತಿರದ ಕಯೆನ್‌ಗೆ ಹೋದ. ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಅಲ್ಲಿ ಜಿ ಕಡಿಮೆ, ಅದಕ್ಕೇ ಲೋಲಕ ನಿಧಾನ ಆಯಿತು. ಭೂಮಿ ನಡುವೆ ಉಬ್ಬಿ ತುದಿಗಳಲ್ಲಿ ಚಪ್ಪಟೆಯಾಗಿದೆ ಅನ್ನೋಕೆ ನ್ಯೂಟನ್ ಇದನ್ನೇ ಸಾಕ್ಷಿ ಮಾಡಿಕೊಂಡ. ಧ್ರುವದಲ್ಲಿ ಜಿ 9.83, ಬೆಂಗಳೂರಿನಲ್ಲಿ ಸುಮಾರು 9.78. ನಾವು ಸಮಭಾಜಕಕ್ಕೂ ಹತ್ತಿರ, ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೂ ಇದ್ದೇವೆ. ಹಾಗಾಗಿ 60 ಕೆಜಿಯವರು ಸ್ಪ್ರಿಂಗ್ ತಕ್ಕಡಿಯಲ್ಲಿ ಅಲ್ಲಿಗಿಂತ ಇಲ್ಲಿ 300 ಗ್ರಾಂನಷ್ಟು ಕಡಿಮೆ ತೂಗುತ್ತಾರೆ, ಡಯಟ್ ಮಾಡದೇನೇ. ಎರಡು ತಟ್ಟೆಯ ಹಳೇ ತಕ್ಕಡಿಗೆ ಮಾತ್ರ ಎಲ್ಲಿಟ್ಟರೂ ವ್ಯತ್ಯಾಸ ಗೊತ್ತಾಗಲ್ಲ, ಅದು ರಾಶಿಯನ್ನು ಹೋಲಿಸುತ್ತದೆ ಅಲ್ವಾ. ಕೆಲವು ಪುಸ್ತಕಗಳಲ್ಲಿ ಕಾಣುವ 9.80665 ಯಾವ ಊರಿನದ್ದೂ ಅಲ್ಲ, ಲೆಕ್ಕಕ್ಕೆ ಇರಲಿ ಅಂತ 1901ರಲ್ಲಿ ಸಭೆ ಸೇರಿ ಒಪ್ಪಿಕೊಂಡ ಸಂಖ್ಯೆ.

ಉಳಿದಿದ್ದು ದೊಡ್ಡ ಜಿ. ಇದನ್ನು ಯಾರೂ ಸಭೆಯಲ್ಲಿ ತೀರ್ಮಾನಿಸೋಕೆ ಆಗಲಿಲ್ಲ, ಅಳೆದೇ ತಿಳಿಯಬೇಕು. 1798ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಕ್ಯಾವೆಂಡಿಶ್ ಸೀಸದ ಗುಂಡುಗಳ ಸೆಳೆತವನ್ನು ಅಳೆದ, ಆದರೆ ಅವನು ಹೇಳಿದ್ದು ಭೂಮಿ ನೀರಿಗಿಂತ 5.48 ಪಟ್ಟು ಸಾಂದ್ರ ಅಂತ. ದೊಡ್ಡ ಜಿ ಅನ್ನೋ ಅಕ್ಷರ ಬಳಕೆಗೆ ಬಂದಿದ್ದು ಸುಮಾರು ನೂರು ವರ್ಷ ಆದ ಮೇಲೆ. ತಲಾ 1 ಕೆಜಿಯ ಎರಡು ಗುಂಡುಗಳನ್ನು 1 ಮೀಟರ್ ದೂರ ಇಟ್ಟರೆ ಸೆಳೆತ 0.00000000006674 ನ್ಯೂಟನ್. ಇಷ್ಟು ಸಣ್ಣ ಬಲವನ್ನು ಅಳೆಯುವಾಗ ಪಕ್ಕದ ಗೋಡೆ, ಓಡಾಡೋ ಜನ, ಎಲ್ಲದರ ಸೆಳೆತವೂ ಸೇರಿಕೊಳ್ಳುತ್ತದೆ, ತಡೆಯೋಕೆ ಅಡ್ಡ ಪರದೆ ಕಟ್ಟೋಕೂ ಬರಲ್ಲ. ಹಾಗಾಗಿ ಬೇರೆ ಬೇರೆ ಲ್ಯಾಬ್‌ಗಳ ಉತ್ತರ ಇವತ್ತಿಗೂ ನಾಲ್ಕನೇ ಅಂಕಿ ಹೊತ್ತಿಗೇ ಒಂದಕ್ಕೊಂದು ಹೊಂದುವುದಿಲ್ಲ.