ಗೆದ್ದಿರಿ ಸರಿ, ಯಾರ ಎದುರು ಗೆದ್ದಿರಿ? ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ವೇಳಾಪಟ್ಟಿಯ ಹಿಂದಿನ ಕಥೆ

2025ರ ಮಾರ್ಚ್ 16, ಭಾನುವಾರ ಸಂಜೆ. ಅಮೆರಿಕದಲ್ಲಿ ಆ ದಿನಕ್ಕೆ ಸೆಲೆಕ್ಷನ್ ಸಂಡೆ ಎಂದು ಹೆಸರು. ಮಾರ್ಚ್ ಮ್ಯಾಡ್ನೆಸ್ ಎನ್ನುವ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಗೆ ಹೋಗುವ 68 ತಂಡಗಳು ಯಾವುವು ಅಂತ ಗೊತ್ತಾಗುವುದು ಅವತ್ತೇ. ಕೊನೆಗೆ ಉಳಿದಿದ್ದ ಜಾಗಗಳಲ್ಲಿ ಒಂದು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ತಂಡಕ್ಕೆ ಸಿಕ್ಕಿತು. ವೆಸ್ಟ್ ವರ್ಜೀನಿಯಾಗೆ ಸಿಗಲಿಲ್ಲ. ಮರುದಿನ ವೆಸ್ಟ್ ವರ್ಜೀನಿಯಾದ ಗವರ್ನರ್ ಪ್ಯಾಟ್ರಿಕ್ ಮಾರಿಸೀ ಪತ್ರಿಕಾಗೋಷ್ಠಿ ಕರೆದರು. ಈ ಆಯ್ಕೆಯ ತನಿಖೆ ಆಗಬೇಕು ಎಂದರು.

ಅವರ ಸಿಟ್ಟಿಗೆ ಕಾರಣ ಇತ್ತು. ತೀರಾ ಕಷ್ಟದ ಪಂದ್ಯಗಳು ಎಂದು ಲೆಕ್ಕಕ್ಕೆ ಬರುವ 13 ಪಂದ್ಯಗಳಲ್ಲಿ ನಾರ್ತ್ ಕ್ಯಾರೊಲೈನಾ ಗೆದ್ದಿದ್ದು ಒಂದೇ ಒಂದು. ವೆಸ್ಟ್ ವರ್ಜೀನಿಯಾ ಅಂಥ 6 ಪಂದ್ಯ ಗೆದ್ದಿತ್ತು. ಅದರ ಮೇಲೆ ಆಯ್ಕೆ ಸಮಿತಿಯ ಅಧ್ಯಕ್ಷರು ನಾರ್ತ್ ಕ್ಯಾರೊಲೈನಾದವರೇ ಆದ ಬಬಾ ಕನಿಂಗ್‌ಹ್ಯಾಮ್. ತಮ್ಮ ಕಾಲೇಜಿನ ಚರ್ಚೆ ಬಂದಾಗ ಅವರು ನಿಯಮದಂತೆ ಹೊರಗುಳಿದಿದ್ದರು. ಆದರೂ ಸಂಶಯ ಹೋಗಲಿಲ್ಲ.

ನಾರ್ತ್ ಕ್ಯಾರೊಲೈನಾ ಪರ ಮಾತಾಡಿದವರು ತೋರಿಸಿದ್ದು ಅದರ ವೇಳಾಪಟ್ಟಿಯನ್ನು. ಆ ತಂಡ ನವೆಂಬರ್, ಡಿಸೆಂಬರ್‌ನಲ್ಲೇ ಕ್ಯಾನ್ಸಸ್, ಆಬರ್ನ್, ಮಿಷಿಗನ್ ಸ್ಟೇಟ್, ಅಲಬಾಮಾ, ಫ್ಲಾರಿಡಾ, ಯುಸಿಎಲ್‌ಎ ಜೊತೆ ಆಡಿತ್ತು. ಯುಸಿಎಲ್‌ಎಯನ್ನು ಬಿಟ್ಟರೆ ಉಳಿದವರೆಲ್ಲರ ಎದುರು ಸೋತಿತ್ತು. ಆದರೆ ಆಡಿತ್ತು. ಆ ಆಡಿದ್ದಕ್ಕೂ ಒಂದು ಬೆಲೆ ಇದೆ ಎನ್ನುವುದು ಇಲ್ಲಿ ವಿಷಯ.

ಕನ್ನಡದ ಓದುಗರಿಗೆ ಇದು ವಿಚಿತ್ರ ಅನಿಸಬಹುದು. ರಣಜಿಯಲ್ಲಿ ಕರ್ನಾಟಕ ಯಾರ ಜೊತೆ ಆಡಬೇಕು ಅಂತ ಕರ್ನಾಟಕ ನಿರ್ಧರಿಸುವುದಿಲ್ಲ. ಕ್ರಿಕೆಟ್ ಮಂಡಳಿ ಗುಂಪು ಮಾಡಿ ಕೊಡುತ್ತದೆ, ಎಲ್ಲರೂ ಆಡುತ್ತಾರೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಹಾಗಲ್ಲ. ಅಲ್ಲಿನ ಮೇಲಿನ ಹಂತದಲ್ಲೇ 360ಕ್ಕೂ ಜಾಸ್ತಿ ತಂಡಗಳಿವೆ. ಒಂದು ತಂಡ ಮಾರ್ಚ್‌ಗೆ ಮುಂಚೆ ಸುಮಾರು 30 ಪಂದ್ಯ ಆಡುತ್ತದೆ. ಅದರಲ್ಲಿ 18ರಿಂದ 20 ಪಂದ್ಯ ತನ್ನ ಕಾನ್ಫರೆನ್ಸ್ ಒಳಗೆ, ಅಂದರೆ ತಾನು ಸೇರಿಕೊಂಡ ಕಾಲೇಜುಗಳ ಗುಂಪಿನ ಒಳಗೆ. ಉಳಿದ ಹತ್ತು ಹನ್ನೆರಡು ಪಂದ್ಯಗಳ ಎದುರಾಳಿಯನ್ನು ಕೋಚ್ ತಾನೇ ಹುಡುಕಿಕೊಳ್ಳಬೇಕು. ಫೋನ್ ಮಾಡಬೇಕು, ಒಪ್ಪಂದ ಮಾಡಿಕೊಳ್ಳಬೇಕು, ಈ ವರ್ಷ ನಮ್ಮೂರು ಮುಂದಿನ ವರ್ಷ ನಿಮ್ಮೂರು ಎಂದು ಮಾತು ಕೊಡಬೇಕು.

ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಪಟ್ಟಿ ಹೊರಬೀಳುತ್ತದೆ. ಮೊದಲ ಪಂದ್ಯ ನವೆಂಬರ್‌ನಲ್ಲಿ. ಆದರೆ ಅಭಿಮಾನಿಗಳ ಸೀಸನ್ ಶುರುವಾಗುವುದು ಪಟ್ಟಿ ಬಂದ ದಿನ. ಇದು ಗೆಲ್ತೀವಿ, ಇದು ಕಷ್ಟ, ಇಲ್ಲಿ ಒಂದೇ ವಾರದಲ್ಲಿ ಎರಡು ದೊಡ್ಡ ತಂಡ ಅಂತ ಎಣಿಸುತ್ತಾ ಕೂರುತ್ತಾರೆ. ಪಟ್ಟಿ ಕಠಿಣವಾಗಿದ್ದರೆ ಭಯ. ಸುಲಭವಾಗಿದ್ದರೆ ಅದಕ್ಕಿಂತ ಜಾಸ್ತಿ ಭಯ. ಯಾಕೆ ಹೀಗೆ ಅಂತ ತಿಳಿಯಲು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

1974ರ ಮಾರ್ಚ್‌ನಲ್ಲಿ ಎಸಿಸಿ ಕಾನ್ಫರೆನ್ಸ್‌ನ ಫೈನಲ್. ನಾರ್ತ್ ಕ್ಯಾರೊಲೈನಾ ಸ್ಟೇಟ್ (ಮೇಲೆ ಹೇಳಿದ ನಾರ್ತ್ ಕ್ಯಾರೊಲೈನಾ ಅಲ್ಲ, ಬೇರೆ ಕಾಲೇಜು) ಮತ್ತು ಮೇರಿಲ್ಯಾಂಡ್. ಹೆಚ್ಚುವರಿ ಅವಧಿಗೆ ಹೋದ ಆಟದಲ್ಲಿ ಮೇರಿಲ್ಯಾಂಡ್ 103-100ರಿಂದ ಸೋತಿತು. ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದು ಅದು. ಆದರೆ ಆಗಿನ ನಿಯಮದಂತೆ ಒಂದು ಕಾನ್ಫರೆನ್ಸ್‌ನಿಂದ ಒಂದೇ ತಂಡ ರಾಷ್ಟ್ರೀಯ ಟೂರ್ನಿಗೆ ಹೋಗಬಹುದಿತ್ತು. ಮೇರಿಲ್ಯಾಂಡ್ ಮನೆಗೆ ಹೋಯಿತು. ಅವರನ್ನು ಸೋಲಿಸಿದ ತಂಡ ಮುಂದೆ ಹೋಗಿ ಚಾಂಪಿಯನ್ ಆಯಿತು.

ಮರುವರ್ಷ, 1975ರಲ್ಲಿ, ಟೂರ್ನಿಯನ್ನು 32 ತಂಡಗಳಿಗೆ ಹಿಗ್ಗಿಸಿದರು. ಒಂದು ಕಾನ್ಫರೆನ್ಸ್‌ನಿಂದ ಒಂದಕ್ಕಿಂತ ಹೆಚ್ಚು ತಂಡ ಬರಬಹುದು ಎಂದರು. ಇಂದಿನ ಜಗಳದ ಬೇರು ಇರುವುದು ಇಲ್ಲೇ ಅಂತ ನನಗೆ ಅನಿಸುತ್ತದೆ. ಅಲ್ಲಿಯವರೆಗೆ ಕಾನ್ಫರೆನ್ಸ್ ಗೆದ್ದರೆ ಸಾಕಿತ್ತು, ಹೊರಗೆ ಯಾರ ಜೊತೆ ಆಡಿದರೂ ನಡೆಯುತ್ತಿತ್ತು. ಈಗ ಸಮಿತಿ ಕೂತು, ಎಂದೂ ಎದುರಾಗದ ಎರಡು ತಂಡಗಳನ್ನು ತೂಗಿ ನೋಡಬೇಕಾಯಿತು. ಒಂದು 22 ಪಂದ್ಯ ಗೆದ್ದಿದೆ, ಇನ್ನೊಂದು 19. ಯಾವುದು ಮೇಲು? ಉತ್ತರ ಹೇಳಲು ಎದುರಾಳಿಗಳನ್ನು ನೋಡಲೇಬೇಕಲ್ವಾ?

ಅದಕ್ಕೆ 1981ರಲ್ಲಿ ಒಂದು ಅಳತೆಗೋಲು ಬಂತು. ಹೆಸರು ಆರ್‌ಪಿಐ. ಲೆಕ್ಕ ಸರಳ. ನಿಮ್ಮ ಗೆಲುವಿನ ಪ್ರಮಾಣಕ್ಕೆ 25 ಶೇಕಡಾ ತೂಕ. ನಿಮ್ಮ ಎದುರಾಳಿಗಳ ಗೆಲುವಿಗೆ 50 ಶೇಕಡಾ. ಅವರ ಎದುರಾಳಿಗಳ ಗೆಲುವಿಗೆ 25. ಅಂದರೆ ನಿಮ್ಮ ಅಂಕದ ಮುಕ್ಕಾಲು ಭಾಗ ಬೇರೆಯವರ ಕೈಯಲ್ಲಿ. ನೀವು ಮಾಡಬಹುದಾದದ್ದು ಒಂದೇ, ಆ ಬೇರೆಯವರು ಯಾರು ಅಂತ ಆರಿಸಿಕೊಳ್ಳುವುದು. ಅಲ್ಲಿಂದ ವೇಳಾಪಟ್ಟಿ ಮಾಡುವುದೇ ಒಂದು ವಿದ್ಯೆ ಆಯಿತು. ದೇಶದಲ್ಲಿ 150ನೇ ಸ್ಥಾನದ ತಂಡವನ್ನು ಕರೆದರೂ ಗೆಲುವು ಹೆಚ್ಚುಕಡಿಮೆ ಖಚಿತ, 300ನೇ ಸ್ಥಾನದ ತಂಡವನ್ನು ಕರೆದರೂ ಅಷ್ಟೇ. ಆದರೆ ಲೆಕ್ಕದಲ್ಲಿ ಎರಡಕ್ಕೂ ಬಹಳ ವ್ಯತ್ಯಾಸ. ಇದನ್ನು ಮೊದಲು ಅರ್ಥ ಮಾಡಿಕೊಂಡ ಕೋಚ್‌ಗಳಿಗೆ ಲಾಭವಾಯಿತು.

ಹಾಗಂತ ಎಲ್ಲವೂ ಲೆಕ್ಕಾಚಾರದಿಂದ ಬದಲಾಗಲಿಲ್ಲ. ಅಭಿಮಾನಿಗಳ ಆಸೆಗೂ ಶಕ್ತಿ ಇತ್ತು. ಕೆಂಟಕಿ ರಾಜ್ಯದ ಉದಾಹರಣೆ ನನಗೆ ತುಂಬ ಇಷ್ಟ. ಕೆಂಟಕಿ ವಿಶ್ವವಿದ್ಯಾಲಯ ಇರುವುದು ಲೆಕ್ಸಿಂಗ್ಟನ್‌ನಲ್ಲಿ. ಲೂಯಿವಿಲ್ ವಿಶ್ವವಿದ್ಯಾಲಯ ಅಲ್ಲಿಂದ ಸುಮಾರು 125 ಕಿಲೋಮೀಟರ್. ಎರಡೂ ಊರಿನವರಿಗೆ ಬ್ಯಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಆದರೆ 1922ರ ನಂತರ ಅರವತ್ತು ವರ್ಷ ಈ ಎರಡು ತಂಡಗಳು ಮಾಮೂಲಿ ಸೀಸನ್‌ನಲ್ಲಿ ಒಮ್ಮೆಯೂ ಆಡಲಿಲ್ಲ. ರಾಷ್ಟ್ರೀಯ ಟೂರ್ನಿಯಲ್ಲಿ ಅಪರೂಪಕ್ಕೆ ಎದುರಾದರೆ ಉಂಟು. ಕೆಂಟಕಿಯ ದೊಡ್ಡ ಕೋಚ್ ಅಡಾಲ್ಫ್ ರಪ್ ತಮ್ಮ ರಾಜ್ಯದ ಬೇರೆ ಕಾಲೇಜಿನ ಜೊತೆ ಆಡುವುದು ಬೇಡ ಎನ್ನುತ್ತಿದ್ದರು. ಗೆದ್ದರೆ ಹೊಸದೇನೂ ಸಿಗುವುದಿಲ್ಲ, ಸೋತರೆ ಮನೆಯಂಗಳದಲ್ಲೇ ಒಬ್ಬ ಪೈಪೋಟಿದಾರ ಹುಟ್ಟಿಕೊಳ್ಳುತ್ತಾನೆ. ಅವರ ನಂತರ ಬಂದವರೂ ಅದೇ ದಾರಿ ಹಿಡಿದರು.

1983ರ ಮಾರ್ಚ್ 26ರಂದು ಟೆನೆಸೀಯ ನಾಕ್ಸ್‌ವಿಲ್‌ನಲ್ಲಿ ಟೂರ್ನಿಯೇ ಇಬ್ಬರನ್ನೂ ಎದುರುಬದುರು ನಿಲ್ಲಿಸಿತು. ಗೆದ್ದವರಿಗೆ ಫೈನಲ್ ಫೋರ್, ಅಂದರೆ ಕೊನೆಯ ನಾಲ್ಕು ತಂಡಗಳ ಘಟ್ಟ. ಆಟ ಸಮವಾಗಿ ಹೆಚ್ಚುವರಿ ಅವಧಿಗೆ ಹೋಯಿತು. ಲೂಯಿವಿಲ್ 80-68ರಿಂದ ಗೆದ್ದಿತು. ಜನ ಅದನ್ನು ಡ್ರೀಮ್ ಗೇಮ್ ಎಂದು ಕರೆದರು. ಆ ರುಚಿ ನೋಡಿದ ಮೇಲೆ ಸುಮ್ನೆ ಕೂರುವವರು ಯಾರು? ಅದೇ ವರ್ಷದ ನವೆಂಬರ್‌ನಲ್ಲಿ ಎರಡೂ ತಂಡಗಳು ಮತ್ತೆ ಆಡಿದವು. ಆಮೇಲೆ ಅದು ಪ್ರತಿವರ್ಷದ ಪಂದ್ಯವಾಯಿತು.

ದೊಡ್ಡ ತಂಡಗಳು ಸೀಸನ್ ನಡುವೆ ಎದುರಾದರೆ ಏನಾಗುತ್ತದೆ ಅಂತ ದೇಶಕ್ಕೆ 1968ರಲ್ಲೇ ಗೊತ್ತಾಗಿತ್ತು. ಆ ಜನವರಿ 20ರಂದು ಹ್ಯೂಸ್ಟನ್‌ನ ಆಸ್ಟ್ರೋಡೋಮ್‌ನಲ್ಲಿ 52,693 ಜನ ಸೇರಿದ್ದರು. ಹ್ಯೂಸ್ಟನ್ ತಂಡ 71-69ರಿಂದ ಯುಸಿಎಲ್‌ಎಯನ್ನು ಸೋಲಿಸಿ ಅದರ 47 ಪಂದ್ಯಗಳ ಸತತ ಗೆಲುವನ್ನು ಮುರಿಯಿತು. ಟಿವಿಯವರು ಅದನ್ನು ಮರೆಯಲಿಲ್ಲ. 2011ರಲ್ಲಿ ಶುರುವಾದ ಚಾಂಪಿಯನ್ಸ್ ಕ್ಲಾಸಿಕ್ ಆ ಸಾಲಿನದೇ. ಡ್ಯೂಕ್, ಕ್ಯಾನ್ಸಸ್, ಕೆಂಟಕಿ, ಮಿಷಿಗನ್ ಸ್ಟೇಟ್ ಪ್ರತಿ ನವೆಂಬರ್‌ನಲ್ಲಿ ಅಲ್ಲಿ ಸೇರುತ್ತವೆ. ಮಿಷಿಗನ್ ಸ್ಟೇಟ್‌ನ ಟಾಮ್ ಇಝೋ ಅಂತೂ ಸೋಲಿಗೆ ಹೆದರದೆ ಕಷ್ಟದ ಪಟ್ಟಿ ಹಾಕಿಕೊಳ್ಳುವುದಕ್ಕೇ ಹೆಸರಾದವರು.

ಇದರ ಇನ್ನೊಂದು ಮುಖ ಬೈ ಗೇಮ್. ದೊಡ್ಡ ಕಾಲೇಜು ಚಿಕ್ಕ ಕಾಲೇಜಿಗೆ ಹಣ ಕೊಟ್ಟು ತನ್ನ ಊರಿಗೆ ಕರೆಸಿಕೊಳ್ಳುತ್ತದೆ. ಚಿಕ್ಕವರು ಬರುತ್ತಾರೆ, ಸಾಮಾನ್ಯವಾಗಿ ಸೋಲುತ್ತಾರೆ, ಚೆಕ್ ತಗೊಂಡು ಹೋಗುತ್ತಾರೆ. ಆ ಹಣದಲ್ಲಿ ಅವರ ಕ್ರೀಡಾ ವಿಭಾಗದ ಖರ್ಚು ಸಾಗುತ್ತದೆ. 2019ರ ನವೆಂಬರ್‌ನಲ್ಲಿ ಕೆಂಟಕಿ 90,000 ಡಾಲರ್ ಕೊಟ್ಟು ಎವನ್ಸ್‌ವಿಲ್ ತಂಡವನ್ನು ಕರೆಸಿತ್ತು. ಕೆಂಟಕಿ ಆಗ ದೇಶಕ್ಕೇ ಮೊದಲನೆಯದು. ಎವನ್ಸ್‌ವಿಲ್‌ನ ಕೋಚ್ ವಾಲ್ಟರ್ ಮೆಕಾರ್ಟಿ ಒಂದು ಕಾಲದಲ್ಲಿ ಕೆಂಟಕಿಗೇ ಆಡಿದವರು. ಅವರ ಹುಡುಗರು 67-64ರಿಂದ ಗೆದ್ದುಬಿಟ್ಟರು. ಎರಡು ವಾರದಲ್ಲಿ ಸ್ಟೀಫನ್ ಎಫ್. ಆಸ್ಟಿನ್ ಎಂಬ ಇನ್ನೊಂದು ಚಿಕ್ಕ ತಂಡ ಡ್ಯೂಕ್ ಅಂಗಳದಲ್ಲೇ ಡ್ಯೂಕ್‌ಗೆ ಸೋಲು ಉಣಿಸಿತು.

2018ರಲ್ಲಿ ಆರ್‌ಪಿಐ ಹೋಯಿತು, ನೆಟ್ ಎನ್ನುವ ಹೊಸ ಲೆಕ್ಕ ಬಂತು. ಇದು ಎಷ್ಟು ಚೆನ್ನಾಗಿ ಆಡಿದಿರಿ ಎನ್ನುವುದನ್ನೂ ಅಳೆಯುತ್ತದೆ. ಅದರ ಜೊತೆಗೆ ಪಂದ್ಯಗಳನ್ನು ನಾಲ್ಕು ಕ್ವಾಡ್‌ಗಳಾಗಿ ಹಂಚುತ್ತಾರೆ. ನಿಮ್ಮ ಅಂಗಳದಲ್ಲಿ ಮೊದಲ 30ರೊಳಗಿನ ತಂಡ, ಬೇರೆ ಊರಿನ ತಟಸ್ಥ ಅಂಗಳದಲ್ಲಿ 50ರೊಳಗಿನ ತಂಡ, ಎದುರಾಳಿಯ ಅಂಗಳದಲ್ಲಿ 75ರೊಳಗಿನ ತಂಡ. ಇವು ಮೂರೂ ಕ್ವಾಡ್ 1. ನಾರ್ತ್ ಕ್ಯಾರೊಲೈನಾ 13ರಲ್ಲಿ ಒಂದು ಗೆದ್ದಿದ್ದು ಇಂಥ ಪಂದ್ಯಗಳಲ್ಲೇ. ಕ್ವಾಡ್ 1ರಲ್ಲಿ ಸೋತರೆ ದೊಡ್ಡ ನಷ್ಟವಿಲ್ಲ, ಗೆದ್ದರೆ ಬಂಗಾರ. ಕ್ವಾಡ್ 4ರಲ್ಲಿ, ಅಂದರೆ ತೀರಾ ದುರ್ಬಲ ತಂಡಗಳ ಎದುರು, ಗೆದ್ದರೆ ಏನೂ ಇಲ್ಲ, ಸೋತರೆ ಮಾರ್ಚ್‌ವರೆಗೂ ಅದು ಬೆನ್ನು ಬಿಡುವುದಿಲ್ಲ.

ಆಬರ್ನ್ ಈ ಪಾಠವನ್ನು ನೋವಿನಿಂದ ಕಲಿತಿತು. 2024ರಲ್ಲಿ ಅದು ತನ್ನ ಕಾನ್ಫರೆನ್ಸ್ ಆದ ಎಸ್‌ಇಸಿಯ ಟೂರ್ನಿ ಗೆದ್ದಿತ್ತು. ಲೆಕ್ಕಾಚಾರದ ಪಟ್ಟಿಗಳಲ್ಲಿ ತುದಿಯಲ್ಲಿತ್ತು. ಆದರೆ ದೊಡ್ಡ ತಂಡಗಳ ಎದುರಿನ ಗೆಲುವು ಕಡಿಮೆ ಇತ್ತು. ರಾಷ್ಟ್ರೀಯ ಟೂರ್ನಿಯಲ್ಲಿ ನಾಲ್ಕನೇ ಸೀಡ್ (ಸಮಿತಿ ಮೊದಲೇ ಕೊಡುವ ಶ್ರೇಯಾಂಕ) ಸಿಕ್ಕಿತು, ಮೊದಲ ಪಂದ್ಯದಲ್ಲೇ ಯೇಲ್ ಎದುರು 78-76ರಿಂದ ಸೋತಿತು. ಮುಂದಿನ ಸೀಸನ್‌ಗೆ ಕೋಚ್ ಬ್ರೂಸ್ ಪರ್ಲ್ ಅವರ ಪಟ್ಟಿಯಲ್ಲಿ ಹ್ಯೂಸ್ಟನ್ ಇತ್ತು, ಅದೂ ಹ್ಯೂಸ್ಟನ್ ಊರಲ್ಲೇ. ಮಾವಿ ದ್ವೀಪದ ಟೂರ್ನಿ ಇತ್ತು. ಡ್ಯೂಕ್ ಅಂಗಳ ಇತ್ತು. ಹ್ಯೂಸ್ಟನ್ ಎದುರು ಗೆದ್ದರು, ಮಾವಿಯಲ್ಲಿ ಐಯೋವಾ ಸ್ಟೇಟ್, ನಾರ್ತ್ ಕ್ಯಾರೊಲೈನಾ, ಮೆಂಫಿಸ್ ಮೂವರನ್ನೂ ಸೋಲಿಸಿದರು, ಡ್ಯೂಕ್ ಎದುರು ಸೋತರು. ಮಾರ್ಚ್ ಹತ್ತಿರ ಬಂದಾಗ ಆಬರ್ನ್ ಕೊನೆಯ ನಾಲ್ಕರಲ್ಲಿ ಮೂರು ಪಂದ್ಯ ಸೋತಿತು. ಆದರೂ ಸಮಿತಿ ಅದಕ್ಕೆ ಇಡೀ ಟೂರ್ನಿಯ ಮೊದಲ ಸೀಡ್ ಕೊಟ್ಟಿತು. ಅದು ಫೈನಲ್ ಫೋರ್‌ವರೆಗೂ ಹೋಯಿತು.

ಆ ವರ್ಷ ಎಸ್‌ಇಸಿಯ 16 ತಂಡಗಳಲ್ಲಿ 14 ಟೂರ್ನಿಗೆ ಹೋದವು. ಅಷ್ಟು ತಂಡ ಒಂದೇ ಕಾನ್ಫರೆನ್ಸ್‌ನಿಂದ ಹಿಂದೆಂದೂ ಹೋಗಿರಲಿಲ್ಲ. ಹೊರಗಿನವರ ಎದುರು ಡಿಸೆಂಬರ್ ಒಳಗೆ ಎಲ್ಲರೂ ಚೆನ್ನಾಗಿ ಗೆದ್ದರು, ಎಲ್ಲರ ಸ್ಥಾನವೂ ಮೇಲೆ ಹೋಯಿತು. ಜನವರಿಯಿಂದ ತಮ್ಮತಮ್ಮಲ್ಲೇ ಆಡುವಾಗ ಹೆಚ್ಚಿನ ಪಂದ್ಯಗಳೂ ಬೆಲೆಬಾಳುವ ಪಂದ್ಯಗಳೇ. ಸೋತರೂ ಹಾನಿ ಕಮ್ಮಿ.

ನನ್ನ ಮನಸ್ಸು ಭಾರವಾಗುವುದು ಇಲ್ಲಿ. ಈ ವೃತ್ತದ ಹೊರಗಿರುವವರ ಗತಿ ಏನು? ಇಂಡಿಯಾನಾ ರಾಜ್ಯದ ಟೆರ್ರಾ ಹೋಟ್ ಎಂಬ ಊರಿನ ಇಂಡಿಯಾನಾ ಸ್ಟೇಟ್ 2024ರಲ್ಲಿ 28 ಗೆದ್ದು 6 ಸೋತಿತ್ತು. ನೆಟ್‌ನಲ್ಲಿ ಅದು 29ನೇ ಸ್ಥಾನದಲ್ಲಿತ್ತು. ಆದರೂ ಟೂರ್ನಿಗೆ ಕರೆ ಬರಲಿಲ್ಲ. ಅಲಬಾಮಾ, ಮಿಷಿಗನ್ ಸ್ಟೇಟ್ ಅಂಗಳಗಳಿಗೆ ಹೋಗಿ ಆಡಿ ಸೋತಿದ್ದರು. ದೊಡ್ಡ ಗೆಲುವು ಇಲ್ಲ ಎನ್ನುವುದೇ ಅಡ್ಡಿಯಾಯಿತು. ದೊಡ್ಡ ಗೆಲುವು ಬೇಕೆಂದರೆ ದೊಡ್ಡವರು ಆಡಲು ಒಪ್ಪಬೇಕಲ್ಲ. ಇಂಥ ಒಳ್ಳೆಯ ಚಿಕ್ಕ ತಂಡದ ಜೊತೆ ಆಡಿದರೆ ದೊಡ್ಡವರಿಗೆ ಸಿಗುವುದು ಸ್ವಲ್ಪ, ಹೋಗುವುದು ಬಹಳ. ರಪ್ ಅವರ ಹಳೆಯ ಲೆಕ್ಕವೇ. ಚಿಕ್ಕ ತಂಡದ ಊರಿಗೆ ಹೋಗಿ ಆಡುವ ಮಾತಂತೂ ಇನ್ನೂ ದೂರ.

1979ರಲ್ಲಿ ಇದೇ ಇಂಡಿಯಾನಾ ಸ್ಟೇಟ್, ಮುಂದೆ ದೊಡ್ಡ ತಾರೆಯಾದ ಲ್ಯಾರಿ ಬರ್ಡ್ ಇದ್ದಾಗ, ಸತತ 33 ಪಂದ್ಯ ಗೆದ್ದು ಫೈನಲ್ ತಲುಪಿತ್ತು. ಆಗಲೂ ಅವರು ಯಾರ ಎದುರು ಗೆದ್ದಿದ್ದಾರೆ ಅಂತ ಕೇಳಿದವರಿದ್ದರು.

2024ರ ಹುಡುಗರು ಎನ್‌ಐಟಿ ಎಂಬ ಎರಡನೇ ಟೂರ್ನಿಗೆ ಹೋದರು. ತಮ್ಮೂರಿನ ಹಲ್ಮನ್ ಸೆಂಟರ್‌ನಲ್ಲಿ ಎಸ್‌ಎಂಯು, ಮಿನ್ನೆಸೋಟಾ, ಸಿನ್ಸಿನಾಟಿ ತಂಡಗಳನ್ನು ಒಂದಾದ ಮೇಲೆ ಒಂದರಂತೆ ಸೋಲಿಸಿದರು. ಫೈನಲ್‌ನಲ್ಲಿ ಸೀಟನ್ ಹಾಲ್ ಎದುರು 79-77ರಿಂದ ಸೋತರು. ಸ್ವಲ್ಪ ದಿನದಲ್ಲೇ ಕೋಚ್ ಜೋಶ್ ಶರ್ಟ್ಸ್ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯಕ್ಕೆ ಹೊರಟರು, ತಾರೆ ಆಟಗಾರ ರಾಬಿ ಅವಿಲಾ ಅವರ ಹಿಂದೆಯೇ ಹೋದರು. ಟೆರ್ರಾ ಹೋಟ್‌ನವರೂ ಪ್ರತಿ ಆಗಸ್ಟ್‌ನಲ್ಲಿ ವೇಳಾಪಟ್ಟಿ ಕಾಯುತ್ತಾರೆ. ಕಷ್ಟದ ಪಂದ್ಯ ಎಷ್ಟಿದೆ ಅಂತ ಅವರೂ ಎಣಿಸುತ್ತಾರೆ. ಅದರಲ್ಲಿ ಒಂದಾದರೂ ಹಲ್ಮನ್ ಸೆಂಟರ್‌ನಲ್ಲಿ ನಡೆಯುತ್ತದೆಯೇ ಅಂತ ಹುಡುಕುತ್ತಾರೆ.