ಎಂ.ಎ. ಮುಗಿಯಿತು, ಪತ್ರಕರ್ತನಾಗಲು ಇನ್ನೊಂದು ಪದವಿ ಬೇಕೇ?

ಪ್ರಶ್ನೆ: ಕನ್ನಡ ಎಂ.ಎ. ಮುಗಿಸಿದ್ದೇನೆ. ಪತ್ರಿಕೆಗೆ ಸೇರುವ ಆಸೆಯಿದೆ. ಅದಕ್ಕಾಗಿ ಮತ್ತೆರಡು ವರ್ಷ ಪತ್ರಿಕೋದ್ಯಮ ಓದಲೇಬೇಕೇ?

ಫಲಿತಾಂಶ ಪ್ರಕಟವಾದ ವಾರದೊಳಗೆ ನಮ್ಮ ಕಾಸರಗೋಡಿನ ಕುಂಬಳೆಯಿಂದಲೋ ಬದಿಯಡ್ಕದಿಂದಲೋ ಮುಳ್ಳೇರಿಯದಿಂದಲೋ ಈ ಪ್ರಶ್ನೆ ತಪ್ಪದೆ ಬರುತ್ತದೆ, ನಾನೂ ತಪ್ಪದೆ ಅದೇ ಉತ್ತರವನ್ನು ಕೊಡುತ್ತೇನೆ: ಬೇಡ. ಓದಿದರೆ ನಷ್ಟವಿಲ್ಲ, ಓದದಿದ್ದರೆ ಬಾಗಿಲು ಮುಚ್ಚುವುದೂ ಇಲ್ಲ.

ವಕೀಲರಿಗೆ ಸನ್ನದು, ವೈದ್ಯರಿಗೆ ನೋಂದಣಿ ಇರುವಂತೆ ಪತ್ರಕರ್ತರಿಗೂ ಒಂದು ಕಾಗದ ಬೇಕೆಂಬ ನಂಬಿಕೆ ನಮ್ಮ ಊರುಗಳಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಮದುವೆಯ ಮಾತುಕತೆಯಲ್ಲೂ ‘ಹುಡುಗ ಅದಕ್ಕೇ ಓದಿದ್ದಾನೆಯೇ’ ಎಂದು ಕೇಳುತ್ತಾರೆ. ಆದರೆ 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯು ಪತ್ರಿಕಾವೃತ್ತಿಯೇ ಯಾರ ಮುಖ್ಯ ಉದ್ಯೋಗವೋ ಅವರನ್ನು ಪತ್ರಕರ್ತರೆಂದು ಕರೆಯಿತೇ ಹೊರತು ಪದವಿಯನ್ನು ಕೇಳಲಿಲ್ಲ. 2013ರಲ್ಲಿ ಭಾರತೀಯ ಪತ್ರಿಕಾ ಮಂಡಳಿಯ ಅಂದಿನ ಅಧ್ಯಕ್ಷ ಮಾರ್ಕಂಡೇಯ ಕಟ್ಜು ಅವರು ಕನಿಷ್ಠ ವಿದ್ಯಾರ್ಹತೆ ಗೊತ್ತುಪಡಿಸಬೇಕೆಂದು ಸಮಿತಿಯೊಂದನ್ನು ನೇಮಿಸಿದ್ದರು, ಅದು ಕಾನೂನಾಗಲಿಲ್ಲ. ಸರಕಾರ ಕೊಡುವ ಮಾನ್ಯತಾ ಪತ್ರ ಈಗಾಗಲೇ ಕೆಲಸದಲ್ಲಿರುವವರಿಗೆ ಸಿಗುವ ಸೌಲಭ್ಯವೇ ಹೊರತು ಕೆಲಸಕ್ಕೆ ಸೇರುವ ಪರವಾನಗಿಯಲ್ಲ. (ಸ್ಕೂಟರಿನ ಮೇಲೆ ‘ಪ್ರೆಸ್’ ಎಂದು ಅಂಟಿಸುವುದಂತೂ ಏನೂ ಅಲ್ಲ.) ಕೆಲವು ಸಂಸ್ಥೆಗಳು ಜಾಹೀರಾತಿನಲ್ಲಿ ಪತ್ರಿಕೋದ್ಯಮದ ಪದವಿ ಕೇಳುವುದುಂಟು, ಅದು ಆ ಸಂಸ್ಥೆಗಳ ಇಷ್ಟ, ದೇಶದ ಕಾನೂನಲ್ಲ.

ನಮ್ಮ ಎಣ್ಮಕಜೆಯ ಪಡ್ರೆ ಎಂಬ ಊರನ್ನೇ ನೋಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ, ಅಂಗವೈಕಲ್ಯದೊಂದಿಗೆ ಹುಟ್ಟುತ್ತಿದ್ದ ಕರುಗಳ ಬಗ್ಗೆ ಮೊದಲಿಗೆ ಬರೆದವರು ಅದೇ ಊರಿನ ಕೃಷಿಕ ಪತ್ರಕರ್ತ ಶ್ರೀಪಡ್ರೆ. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ. ಆ ಸುದ್ದಿ ಇದ್ದದ್ದು ಊರಿನ ಹಟ್ಟಿಗಳಲ್ಲಿ, ತರಗತಿಯಲ್ಲಲ್ಲ.

ಮಂಗಳೂರು ವಿಶ್ವವಿದ್ಯಾನಿಲಯದ ಮಂಗಳಗಂಗೋತ್ರಿಯಲ್ಲಿ ಪತ್ರಿಕೋದ್ಯಮ ಓದಿ ಬಂದವರಿಗೆ ಪುಟವಿನ್ಯಾಸ, ಮಾನಹಾನಿ ಕಾನೂನು ಮೊದಲೇ ಗೊತ್ತಿರುವುದರಿಂದ ಆರಂಭದ ಆರು ತಿಂಗಳು ಅವರು ಮುಂದಿರುತ್ತಾರೆ. ಆಮೇಲೆ ಕಾಪಿಯೇ, ಅಂದರೆ ಬರೆದು ಕೊಟ್ಟ ವರದಿಯೇ, ಮಾತಾಡುತ್ತದೆ. ಸ್ನಾತಕೋತ್ತರ ಪದವೀಧರರು ಎಡವುವುದೂ ಅಲ್ಲಿಯೇ. ಒಬ್ಬ ತರುಣ ಕಾಲುಸಂಕವೊಂದು ಕೊಚ್ಚಿಹೋದ ವರದಿಯನ್ನು ತಂದಿದ್ದ. ‘ಸಾರಿಗೆ ವ್ಯವಸ್ಥೆಯು ನಾಗರಿಕತೆಯ ಜೀವನಾಡಿ’ ಎಂದು ಆರಂಭವಾದ ಆ ಬರಹದಲ್ಲಿ, ಮಕ್ಕಳು ನಾಲ್ಕು ದಿನಗಳಿಂದ ಶಾಲೆಗೆ ಹೋಗಿಲ್ಲವೆಂಬ ಸಂಗತಿ ಇದ್ದದ್ದು ಒಂಬತ್ತನೆಯ ಪ್ಯಾರಾದಲ್ಲಿ. ಅದನ್ನು ಮೇಲಕ್ಕೆ ತಂದು ಉಳಿದ ಎಂಟನ್ನು ಹೊಡೆದುಹಾಕಿದಾಗ ಹುಡುಗನ ಮುಖ ಬಾಡಿತು. ಈಗ ಅವನೇ ಇನ್ನೊಬ್ಬರ ಕಾಪಿಯನ್ನು ಕತ್ತರಿಸುತ್ತಾನೆ.

ಬಿಡಿ ವರದಿಗಾರಿಕೆಯಿಂದ, ಅಂದರೆ ತಿಂಗಳ ಸಂಬಳವಿಲ್ಲದೆ ವರದಿಗಿಷ್ಟೆಂದು ಬರೆದುಕೊಡುವ ಕೆಲಸದಿಂದ, ಆರಂಭಿಸಿ. ಅದರ ಸಂಭಾವನೆ ಬಸ್ಸಿನ ಖರ್ಚಿಗೂ ಸಾಲದೆ ಹೋಗಬಹುದು, ಆದ್ದರಿಂದ ಒಂದೆರಡು ವರ್ಷ ಟ್ಯೂಷನ್ನೋ ತೋಟವೋ ಜೊತೆಗಿರಲಿ.

ಯಾರೂ ಕೇಳದ, ಆದರೆ ಕಾಸರಗೋಡಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಬೇರೆಯಿದೆ: ನಿಮಗೆ ಮಲಯಾಳ ಓದಲು ಬರುತ್ತದೆಯೇ? ಬಸ್‌ಸ್ಟ್ಯಾಂಡಿನಲ್ಲಿ ಮಾತಾಡುವಷ್ಟು ಸಾಲದು. 1956ರ ನವೆಂಬರ್ 1ರಿಂದ ಇಲ್ಲಿಯ ಆಡಳಿತ ಕೇರಳದ್ದು. ಕನ್ನಡಿಗರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ವ್ಯವಹರಿಸಬಹುದೆಂದು ಆ ರಾಜ್ಯದ 1969ರ ಭಾಷಾ ಕಾಯ್ದೆ ಹೇಳಿದರೂ, ಸಂಜೆ ಐದಕ್ಕೆ ಡೆಸ್ಕಿಗೆ ಬಂದು ಬೀಳುವ ಪ್ರಕಟಣೆ ಮಲಯಾಳದಲ್ಲಿರುತ್ತದೆ. ಅದರಲ್ಲಿ ನಮ್ಮವೇ ಎನಿಸುವ ಪದಗಳು ನಮಗೆ ಹೊಂಡ ತೋಡುತ್ತವೆ. ಅಲ್ಲಿಯ ‘ಉತ್ತರವ್’ ಆದೇಶ, ಉತ್ತರವಲ್ಲ, ‘ಅಪೇಕ್ಷ’ ಅರ್ಜಿ, ‘ನಿಯಮಂ’ ಕಾನೂನು. ‘ಅವಕಾಶಂ’ ಎಂದರೆ ಹಕ್ಕು, ಹಾಗಾಗಿ ಮಾಹಿತಿ ಹಕ್ಕು ಕಾಯ್ದೆ ಅಲ್ಲಿ ‘ವಿವರಾವಕಾಶ ನಿಯಮಂ’ ಆಗುತ್ತದೆ. ಅದನ್ನು ‘ವಿವರ ನೀಡಲು ಅವಕಾಶ’ ಎಂದು ಬರೆದವರನ್ನು ಕಂಡಿದ್ದೇನೆ.

ನಾನೂ ಸಾಚಾ ಅಲ್ಲ. ಮಲಯಾಳದಲ್ಲಿ ‘ಪ್ರಸಂಗಂ’ ಎಂದರೆ ಭಾಷಣ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಿದ್ದೆಗಣ್ಣಿನ ರಾತ್ರಿ ಪಾಳಿಯೊಂದರಲ್ಲಿ, ‘ಇಂದು ಸಂಜೆ ಸಚಿವರ ಪ್ರಸಂಗ’ ಎಂದು ತಲೆಬರಹ ಕೊಟ್ಟಿದ್ದೆ. ಮರುದಿನ ಬೆಳಗ್ಗೆ ಯಕ್ಷಗಾನದ ಹುಚ್ಚಿನ ಓದುಗರೊಬ್ಬರು ಫೋನ್ ಮಾಡಿ, ಮೇಳ ಯಾವುದು, ಭಾಗವತರು ಯಾರು ಎಂದು ವಿಚಾರಿಸಿದರು.